ಬಟ್ಟೆ ಕಟ್ಟಿದ ಸಾಲು

ಬಟಾಣಿಯಕ್ಕನ ಮೇಜಿನ ಮುಂದೆ ನಿಂತು "ಕಿಲೋ ಎಷ್ಟು?" ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅವಳು ಮೊದಲು ರಾಶಿಯಿಂದ ಒಂದು ಕಾಯಿ ತೆಗೆದು, ಹೆಬ್ಬೆರಳಿನಿಂದ ಒತ್ತಿ ಬಿಡಿಸಿ, ನಿಮ್ಮ ಕೈಗೆ ಕೊಡುತ್ತಾಳೆ. ಅದನ್ನು ಅಲ್ಲೇ, ಅವಳ ಕಣ್ಣೆದುರಿಗೇ, ಹಸಿಯಾಗಿ ತಿನ್ನಬೇಕು. "ಮನೆಗೆ ಹೋಗಿ ತಿಂತೀನಿ" ಎಂದವರಿಗೆ "ಹಾಗಾದ್ರೆ ಮನೆಗೆ ಹೋಗಿ ಬನ್ನಿ" ಎನ್ನುತ್ತಾಳೆ. ಒಮ್ಮೆ ಬ್ಯಾಂಕಿನ ಮ್ಯಾನೇಜರು ಹಲ್ಲುನೋವೆಂದು ತಿನ್ನದೆ ನಿಂತದ್ದಕ್ಕೆ ಅವರಿಗೂ ಕೊಡಲಿಲ್ಲ. ಪಾಪ, ಮುಂದಿನ ವಾರ ಹಲ್ಲು ಕೀಳಿಸಿಕೊಂಡು ಬಂದು, ಇನ್ನೊಂದು ದವಡೆಯಲ್ಲಿ ಅಗಿದು ತೋರಿಸಿ ತೆಗೆದುಕೊಂಡು ಹೋದರು.

ನಾನು ಅವಳ ಕೈಯಿಂದ ಹನ್ನೆರಡು ವರ್ಷ ತಿಂದಿದ್ದೇನೆ. ಊರಿನ ಆಸ್ಪತ್ರೆಯ ಅಡುಗೆಮನೆ ನನ್ನ ಉಸ್ತುವಾರಿಯಲ್ಲಿದೆ. ಇನ್ನೂರು ರೋಗಿಗಳಿಗೆ ಮೂರು ಹೊತ್ತು ಬೇಯಿಸಿ ಹಾಕಿಸುವುದು ನನ್ನ ಕೆಲಸ, ಕೈಕೆಳಗೆ ಏಳು ಜನ. ನರ್ಸುಗಳು ನನಗೆ ಸೌಟಮ್ಮ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಕರೆಯುವುದಿಲ್ಲ, ಆದರೆ ನನಗೇನು ಕಿವಿ ಇಲ್ಲವೇ. ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ಹೇಳುತ್ತೇನೆ, ಕಡಿಮೆಯಾದರೂ ಹೇಳುತ್ತೇನೆ, ಸರಿಯಾಗಿದ್ದರೆ ಮಾತ್ರ ಬಾಯಿ ಬಿಡುವುದಿಲ್ಲ. ಇದು ಒಳ್ಳೆಯ ಗುಣವಲ್ಲವೆಂದು ನನ್ನ ಗಂಡ ಮದುವೆಯಾದ ವಾರದಿಂದಲೂ ಹೇಳುತ್ತಿದ್ದಾರೆ. ಅವರು ಅದನ್ನು ಹೇಳುವ ರೀತಿಯೂ ನನಗೆ ಅಷ್ಟು ಸರಿಬಂದಿಲ್ಲ.

ಸಂತೆ ಸೇರುವುದು ಶನಿವಾರ ಬೆಳಗ್ಗೆ, ಬಸ್ಸುಗಳು ಬಿಟ್ಟುಹೋದ ಹಳೆಯ ಡಿಪೋದ ಅಂಗಳದಲ್ಲಿ. ನೆಲದ ಮೇಲೆ ಎಣ್ಣೆಯ ಕಲೆಗಳು ಇನ್ನೂ ಇವೆ. ಸುತ್ತಲಿನ ತೋಟದವರು ತಾವು ಬೆಳೆದದ್ದನ್ನು ತಾವೇ ತಂದು ಮಾರುತ್ತಾರೆ, ನಡುವೆ ದಲ್ಲಾಳಿಗಳ ಕಾಟವಿಲ್ಲ. ವರ್ಷವಿಡೀ ನಡೆಯುವ ಸಂತೆಯೇ, ಆದರೂ ನನ್ನ ಪಾಲಿಗೆ ಅದು ಶುರುವಾಗುವುದು ಚಳಿ ಸಡಿಲವಾದ ಮೇಲೆ. ಮೂರು ತಿಂಗಳು ಕೋಸು, ಕುಂಬಳ, ಹಳೆಯ ಗಡ್ಡೆಗಳನ್ನೇ ತಿರುಗಿಸಿ ಮುರುಗಿಸಿ ಬೇಯಿಸಿ ತಲೆ ಚಿಟ್ಟು ಹಿಡಿದವಳಿಗೆ ಒಂದು ಶನಿವಾರ ಇದ್ದಕ್ಕಿದ್ದಂತೆ ಮೇಜುಗಳೆಲ್ಲ ಹಸಿರಾಗಿ ಕಾಣುತ್ತವೆ. ಬೆರಳು ಗಾತ್ರದ ಮೂಲಂಗಿ, ಇಬ್ಬನಿ ಆರದ ಪಾಲಕ್, ಗಡ್ಡೆ ಇನ್ನೂ ಊದಿರದ ಎಳೆ ಈರುಳ್ಳಿ, ಉಗುರು ತಾಕಿಸಿದರೆ ಸಿಪ್ಪೆ ಜಾರುವ ಹೊಸ ಆಲೂಗಡ್ಡೆ, ಮೂಲೆಯಲ್ಲಿ ಬುಟ್ಟಿ ತುಂಬ ಸ್ಟ್ರಾಬೆರಿ. ಬೆಳಗ್ಗೆ ಶಾಲು ಹೊದ್ದು ಹೋದವಳು ಹತ್ತು ಗಂಟೆಗೆ ಆ ಶಾಲಿನಲ್ಲೇ ಮೂಲಂಗಿ ಕಟ್ಟಿಕೊಂಡು ಬರುತ್ತೇನೆ. ಆ ಹೊತ್ತಿನಲ್ಲಿ ನನಗೆ ಯಾರ ಮೇಲೂ ಸಿಟ್ಟಿರುವುದಿಲ್ಲ. ಅಡುಗೆಮನೆಯವರು ರಜೆ ಕೇಳುವುದು ಶನಿವಾರ ಮಧ್ಯಾಹ್ನವೇ, ಅದೂ ನನಗೆ ಗೊತ್ತು.

ಅದೆಲ್ಲದರ ನಡುವೆ ಬಟಾಣಿ. ಅಕ್ಕ ಸಂತೆಗೆ ಬರುವುದೇ ವರ್ಷಕ್ಕೆ ಏಳು ವಾರ, ತರುವುದು ಅದೊಂದನ್ನೇ. ಬೆಳಕು ಹರಿಯುವ ಮೊದಲು ಕಿತ್ತ ಕಾಯಿ, ಅದೂ ಆ ದಿನದ್ದೇ. ಅವಳ ಮೇಜಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಅರ್ಧ ಇಟ್ಟಿಗೆ. ಎಪ್ಪತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ, ಕೈ ದೊಡ್ಡದು. ಅವಳ ಬಟಾಣಿಯ ರುಚಿಯನ್ನು ಹೇಗೆ ಹೇಳಲಿ? ಸಿಹಿ ಎಂದರೆ ಸಕ್ಕರೆಯ ಸಿಹಿಯಲ್ಲ. ಕಚ್ಚಿದ ಕೂಡಲೇ ನೀರಿನಂಥದ್ದೇನೋ ಬಾಯಿಗೆ ಬರುತ್ತದೆ, ಸಿಹಿ ಆಮೇಲೆ ನಿಧಾನವಾಗಿ ಹಿಂದಿನಿಂದ ಬರುತ್ತದೆ. ಆ ಏಳು ವಾರ ನಾನು ನನ್ನ ರೋಗಿಗಳಿಗೆ ಸಾಧ್ಯವಾದಾಗಲೆಲ್ಲ ಅದನ್ನು ಉಪ್ಪು ಬೆಣ್ಣೆ ಹಾಕಿ ಬೇಯಿಸಿ ಕೊಡುತ್ತಿದ್ದೆ. ವಾರಗಟ್ಟಲೆ ತಟ್ಟೆಯನ್ನು ಹಾಗೇ ಹಿಂದಕ್ಕೆ ಕಳಿಸುತ್ತಿದ್ದವರ ಬಟ್ಟಲುಗಳು ಅಂದು ಖಾಲಿಯಾಗಿ ಬರುತ್ತಿದ್ದವು. ಆದರೂ ಅಕ್ಕನೆದುರು ಒಮ್ಮೆಯೂ ಹೊಗಳಿದವಳಲ್ಲ. "ಈ ವಾರ ಸಿಪ್ಪೆ ಸ್ವಲ್ಪ ದಪ್ಪ ಆಯ್ತು", "ಹೋದ ವಾರದ್ದೇ ವಾಸಿ", ಇಂಥವೇ ಮಾತು. ಅವಳು ನಕ್ಕು ತೂಕ ಮಾಡುತ್ತಿದ್ದಳು.

ಹೋದ ವರ್ಷ ವಸಂತದ ಮೊದಲ ಶನಿವಾರ ಅವಳು ಕೊಟ್ಟ ಕಾಯಿ ತಿಂದು ನಾನು ಅಲ್ಲೇ ನಿಂತುಬಿಟ್ಟೆ. ಕೆಟ್ಟದೇನಲ್ಲ. ಆದರೆ ಯಾರ ಮೇಜಿನ ಮೇಲಾದರೂ ಸಿಗುವ ಬಟಾಣಿ.

"ಅಕ್ಕ, ಇದು ನಿಮ್ಮ ಬಟಾಣಿ ಅಲ್ಲ."

"ನನ್ನ ಹೊಲದ್ದೇ ಕಣೆ."

"ಹೊಲ ನಿಮ್ಮದಿರಬಹುದು. ರುಚಿ ನಿಮ್ಮದಲ್ಲ."

"ಈ ವರ್ಷ ಇದನ್ನೇ ತಿನ್ನು. ಮುಂದಿನ ವರ್ಷ ನೋಡೋಣ" ಎಂದಳು.

ಯಾಕೆ ಎಂದು ನಾನು ಕೇಳಬಹುದಿತ್ತು. ಕೇಳಿದ್ದರೆ ಹೇಳುತ್ತಿದ್ದಳು. ಕೊಂಕು ತೆಗೆಯುವವರ ತೊಂದರೆಯೇ ಇದು, ಕಾರಣ ಕೇಳುವಷ್ಟು ಪುರುಸೊತ್ತು ಇರುವುದಿಲ್ಲ. ಮೂಗು ಮುರಿದುಕೊಂಡು ಒಂದು ಕಿಲೋ ಕಡಿಮೆ ತೆಗೆದುಕೊಂಡು ಬಂದೆ.

ನಾಲ್ಕನೇ ವಾರ ಅಕ್ಕ ಹೊಲದ ಬದುವಿನ ಮೇಲೆ ಜಾರಿ ಬಿದ್ದು ಪಾದದ ಕೀಲು ಮುರಿದುಕೊಂಡಳು. ತಂದು ಮಲಗಿಸಿದ್ದು ನಮ್ಮ ಆಸ್ಪತ್ರೆಯಲ್ಲೇ. ಕಾಲಿಗೆ ಸರಳು ಹಾಕಿದರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಜೊತೆಗಿದ್ದವನು ಮೈದುನ, ಟ್ರ್ಯಾಕ್ಟರ್ ಓಡಿಸುವವನು, ಒಳ್ಳೆಯ ಮನುಷ್ಯ. ಟ್ರ್ಯಾಕ್ಟರಿನಿಂದ ಇಳಿದರೆ ಮಾತ್ರ ಕೈ ಎಲ್ಲಿಡಬೇಕೆಂದು ಗೊತ್ತಾಗುವುದಿಲ್ಲ. ಶುಕ್ರವಾರ ನಾನೇ ಗಂಜಿಯ ಬಟ್ಟಲು ಹಿಡಿದು ಹೋದಾಗ ಅಕ್ಕ ಔಷಧದ ಮಂಪರಿನಲ್ಲೂ ಅದೊಂದನ್ನೇ ಗೊಣಗುತ್ತಿದ್ದಳು.

"ನಾಳೆ ಕೀಳದೇ ಹೋದ್ರೆ ಕಾಯಿ ಬಲಿತು ಹೋಗ್ತವೆ."

"ನಾನು ಕೀಳ್ತೀನಿ ಬಿಡಿ. ಸಂತೆಗೂ ನಾನೇ ಕೂತ್ಕೋತೀನಿ."

"ಬೆಳಕಾಗೋ ಮುಂಚೆ ಕೀಳು. ಬಳ್ಳಿ ಹಿಡ್ಕೊಂಡು ಕೀಳು, ಎಳೀಬೇಡ" ಎಂದಳು. ಕಣ್ಣು ಮುಚ್ಚಿತು.

ಶನಿವಾರ ನಸುಕಿನಲ್ಲಿ ನಾನು ಹೊಲಕ್ಕೆ ಹೋದೆ. ಮೈದುನ ಬುಟ್ಟಿ ಹಿಡಿದು ಹಿಂದೆ ಬಂದ. ಕಡ್ಡಿ ನೆಟ್ಟು ಹುರಿ ಕಟ್ಟಿ ಹಬ್ಬಿಸಿದ ಬಳ್ಳಿಗಳು, ಸಾಲು ಸಾಲಾಗಿ, ಸೊಂಟದ ಎತ್ತರ. ಮೊದಲ ಸಾಲುಗಳನ್ನು ಮೂರು ವಾರ ಕಿತ್ತಿದ್ದರಿಂದ ಕಾಯಿ ವಿರಳವಾಗಿದ್ದವು. ಎರಡು ಬುಟ್ಟಿಯೂ ತುಂಬಲಿಲ್ಲ. ಕೊನೆಯಲ್ಲಿ, ಬೇಲಿಯ ಪಕ್ಕ, ಒಂದೇ ಒಂದು ಸಾಲು ಬೇರೆಯಾಗಿತ್ತು. ಅದರಲ್ಲಿ ಕಾಯಿ ಜೋತಾಡುತ್ತಿದ್ದವು, ಒಂದನ್ನೂ ಯಾರೂ ಮುಟ್ಟಿರಲಿಲ್ಲ. ಪ್ರತಿ ಬಳ್ಳಿಗೂ ಹಳೆಯ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿದ್ದರು.

ಇಲ್ಲಿ ನನ್ನ ಉಗ್ರಾಣದ ಮಾತು ಹೇಳಬೇಕು. ಅಡುಗೆಮನೆಗೆ ಹೊಸ ಮೂಟೆ ಬಂದಾಗ ಹಳೆಯ ಮೂಟೆಗಳ ಬಾಯಿಗೆ ನಾನು ಬಟ್ಟೆಯ ಚೂರು ಕಟ್ಟಿಸುತ್ತಿದ್ದೆ. ಮೊದಲು ಅದನ್ನು ಖಾಲಿ ಮಾಡಿ ಎಂದು ಅದರರ್ಥ. ಇಪ್ಪತ್ತೆರಡು ವರ್ಷ ಅದೇ ಪದ್ಧತಿ. ಬಟ್ಟೆ ಕಟ್ಟಿದ ಮೂಟೆಯನ್ನು ಬಿಟ್ಟು ಬೇರೆಯದಕ್ಕೆ ಕೈ ಹಾಕಿದವರಿಗೆ ನನ್ನ ಬಾಯಿಯ ರುಚಿ ಗೊತ್ತು.

ಒಂದು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡೆ. ಮೊದಲು ನೀರು, ಆಮೇಲೆ ಹಿಂದಿನಿಂದ ನಿಧಾನವಾಗಿ ಸಿಹಿ. ಅದೇ. ಹನ್ನೆರಡು ವರ್ಷದ ಅದೇ ಬಟಾಣಿ.

"ನೋಡಿದ್ಯಾ," ಎಂದೆ ಮೈದುನನಿಗೆ, "ನಿಮ್ಮತ್ತಿಗೆ ಗುರುತು ಮಾಡಿಟ್ಟಿದ್ದಾರೆ. ಮೊದಲು ಇದನ್ನೇ ಕೀಳ್ಬೇಕಿತ್ತು."

ಅವನು ತಲೆ ಕೆರೆದುಕೊಂಡ. "ಆ ಸಾಲಿಗೆ ನನ್ನ ಕಾಲಿಡೋಕೂ ಬಿಡಲ್ಲ ಅತ್ತಿಗೆ. ಒಂದ್ಸಲ ಕೇಳಿ ಬರೋದಾ?"

"ನೋವಿಂದ ಈಗಷ್ಟೇ ಮಲಗಿರ್ತಾರೆ, ಎಬ್ಬಿಸ್ತೀಯಾ? ನಾನು ಇಪ್ಪತ್ತೆರಡು ವರ್ಷದಿಂದ ಅಡುಗೆಮನೆ ನಡೆಸ್ತಿದ್ದೀನಪ್ಪ. ಬುಟ್ಟಿ ಹಿಡಿ."

ಅವನು ಬುಟ್ಟಿ ಹಿಡಿದ. ಸಾಲಿನ ಈ ತುದಿಯಿಂದ ಆ ತುದಿವರೆಗೆ, ಒಂದು ಕಾಯಿಯನ್ನೂ ಬಿಡದೆ, ಬಳ್ಳಿ ನೋಯದ ಹಾಗೆ ಜೋಪಾನವಾಗಿ ಕಿತ್ತೆ. ಎಲ್ಲವನ್ನೂ ಒಟ್ಟಿಗೆ ಸುರಿದುಕೊಂಡು ಸಂತೆಗೆ ಹೋದೆ.

ಅಂದಿನ ಸಂತೆಯನ್ನು ನೆನೆದರೆ ಈಗಲೂ ನನಗೆ ನಾಚಿಕೆಯ ಜೊತೆಗೆ ಸ್ವಲ್ಪ ಸಂತೋಷವೂ ಆಗುತ್ತದೆ, ಸುಳ್ಳೇಕೆ ಹೇಳಲಿ. ಅಕ್ಕನ ಹಾಗೆಯೇ ಕಾಯಿ ಬಿಡಿಸಿ ಕೊಟ್ಟೆ. ತಿಂದವರು ಕಣ್ಣರಳಿಸಿದರು. ಮೂರು ವಾರದಿಂದ ಮುಖ ಸಪ್ಪಗೆ ಮಾಡಿಕೊಂಡು ಒಯ್ಯುತ್ತಿದ್ದವರು ಎರಡೆರಡು ಕಿಲೋ ತೆಗೆದುಕೊಂಡರು. ಬ್ಯಾಂಕಿನ ಮ್ಯಾನೇಜರು ನಿಂತಲ್ಲೇ ಆರು ಕಾಯಿ ತಿಂದರು. ಆಸ್ಪತ್ರೆಯ ಎದುರಿನ ದರ್ಜಿ ದಾರಿಯಲ್ಲಿ ಹೋಗುತ್ತಿದ್ದವನನ್ನು ನಾನೇ ಕೂಗಿ ಕರೆದು, ಬೇಡ ಬೇಡವೆಂದರೂ ಒಂದು ಚೀಲ ತುಂಬಿ ಕೈಗಿಟ್ಟೆ. ಹನ್ನೊಂದು ಗಂಟೆಗೆ ಮೇಜು ಖಾಲಿ. ನನ್ನ ಕಾಲು ನೆಲದ ಮೇಲಿರಲಿಲ್ಲ.

ಕೊನೆಯ ಒಂದು ಹಿಡಿಯನ್ನು ಅಕ್ಕನಿಗೆಂದು ಇಟ್ಟುಕೊಂಡಿದ್ದೆ. ಆಸ್ಪತ್ರೆಗೆ ಬಂದು ನಾನೇ ಬೇಯಿಸಿ, ಉಪ್ಪು ಬೆಣ್ಣೆ ಹಾಕಿ, ಬಿಸಿಬಿಸಿಯಾಗಿ ಬಟ್ಟಲಲ್ಲಿ ತೆಗೆದುಕೊಂಡು ಹೋದೆ. ಅವಳು ಎದ್ದು ಕುಳಿತಿದ್ದಳು, ಮುಖದಲ್ಲಿ ಗೆಲುವಿತ್ತು.

"ಎಲ್ಲ ಖರ್ಚಾಯ್ತು ಅಕ್ಕ. ನೀವಿದ್ದಾಗಲೂ ಹೀಗೆ ಹೋಗಿರ್ಲಿಲ್ಲ."

ಅವಳು ಒಂದು ಚಮಚ ಬಾಯಿಗಿಟ್ಟಳು. ಅಗಿಯುವುದು ನಿಂತಿತು. ಕಣ್ಣು ಮುಚ್ಚಿಕೊಂಡಳು. ಮೆಚ್ಚಿಕೊಂಡಳೆಂದೇ ನಾನು ತಿಳಿದೆ.

"ಇದನ್ನ ಎಲ್ಲಿಂದ ಕಿತ್ತೆ?"

"ಬೇಲಿ ಪಕ್ಕದ ಸಾಲು. ನೀವು ಬಟ್ಟೆ ಕಟ್ಟಿದ್ರಲ್ಲ."

"ಎಷ್ಟು ಬಿಟ್ಟಿದ್ದೀಯ?"

ಏನು ತಪ್ಪಾಗಿದೆಯೆಂದು ಇನ್ನೂ ಗೊತ್ತಿರಲಿಲ್ಲ, ತಪ್ಪಾಗಿದೆಯೆಂದು ಮಾತ್ರ ಆ ಪ್ರಶ್ನೆಯಲ್ಲೇ ಗೊತ್ತಾಯಿತು.

"ಒಂದೂ ಬಿಟ್ಟಿಲ್ಲ ಅಕ್ಕ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ಏನಾದರೂ ಹೇಳಿ ಉಳಿದುಕೊಳ್ಳುತ್ತಿದ್ದೆ. ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹೇಳಿದ್ದು ಇಷ್ಟು. ಆ ಬೀಜ ಅವಳ ಅತ್ತೆ ಕೊಟ್ಟದ್ದು. ಅತ್ತೆಗೆ ಯಾರು ಕೊಟ್ಟರೋ ತಿಳಿಯದು. ಪ್ರತಿ ವರ್ಷ ಕಾಯಿ ತುಂಬುವ ಹೊತ್ತಿಗೆ ಸಾಲಿನಲ್ಲಿ ನಡೆದು, ಒಂದೊಂದು ಬಳ್ಳಿಯಿಂದ ಒಂದೊಂದು ಕಾಳು ತಿಂದು ನೋಡಿ, ಎಲ್ಲಕ್ಕಿಂತ ಚೆನ್ನಾಗಿರುವ ಬಳ್ಳಿಗಳಿಗೆ ಬಟ್ಟೆ ಕಟ್ಟುತ್ತಿದ್ದಳು. ಅವು ಸಂತೆಗಲ್ಲ, ಬಳ್ಳಿಯಲ್ಲೇ ಒಣಗಲು, ಬಿತ್ತನೆಗೆ. ಹನ್ನೆರಡು ವರ್ಷ ನಾನು ತಿಂದು ಕೊಂಕು ತೆಗೆದದ್ದೆಲ್ಲ ಆ ಬಳ್ಳಿಗಳನ್ನು ಬಿಟ್ಟು ಉಳಿದದ್ದು. ಆ ವರ್ಷ ಮೊದಲ ಬಿತ್ತನೆಯನ್ನು ಪಾರಿವಾಳಗಳು ಮುಗಿಸಿಬಿಟ್ಟವು. ಹೊಲಕ್ಕೆ ಅಂಗಡಿಯ ಬೀಜ ತಂದು ಬಿತ್ತಿ, ಬೀಜದ ಡಬ್ಬಿಯ ತಳದಲ್ಲಿ ಉಳಿದ ಎರಡು ಹಿಡಿಯನ್ನು ಪಾರಿವಾಳಗಳ ಕಾಟ ತಗ್ಗಿದ ಮೇಲೆ, ಮೂರು ವಾರ ತಡವಾಗಿ, ಬೇಲಿಯ ಪಕ್ಕ ಒಂದು ಸಾಲು ಹಾಕಿದಳು. ಅದಕ್ಕೇ ಆ ಸಾಲಿನ ಪ್ರತಿ ಬಳ್ಳಿಗೂ ಬಟ್ಟೆ.

"ಡಬ್ಬಿಯಲ್ಲಿ?" ಎಂದೆ.

"ಡಬ್ಬಿ ಖಾಲಿ."

"ನಂಗೆ ಒಂದು ಮಾತು ಹೇಳಿದ್ರೆ..."

"ಬಟ್ಟೆ ಕಟ್ಟಿದ್ದನ್ನ ಕೀಳ್ತಾರೆ ಅಂತ ನಂಗೆ ಹೊಳೀಲೇ ಇಲ್ಲ ಕಣೆ."

ನನಗೆ, ಬಟ್ಟೆ ಕಟ್ಟಿದ್ದನ್ನು ಕೀಳದೆ ಬಿಡುತ್ತಾರೆಂದು ಹೊಳೆದಿರಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ನಾನು ಅತ್ತುಬಿಟ್ಟೆ. ಎಷ್ಟೋ ವರ್ಷದ ಮೇಲೆ ಆಸ್ಪತ್ರೆಯೊಳಗೆ ಅತ್ತದ್ದು. ವಾರ್ಡಿನ ನರ್ಸು ಬಾಗಿಲವರೆಗೆ ಬಂದವಳು ನನ್ನನ್ನು ನೋಡಿ ಹೆದರಿ ಹಿಂದಕ್ಕೆ ಹೋದಳು. ಅಕ್ಕ ಚಮಚ ತೆಗೆದುಕೊಂಡು, ಒಂದೊಂದೇ ಕಾಳು, ಪೂರ್ತಿ ತಿಂದಳು.

"ಚೆಲ್ಲೋಕಾಗುತ್ತಾ" ಎಂದಳು.

ಹೊಟ್ಟೆಗೆ ಹಾಕಿಕೊಳ್ಳುವುದು ಎಂದು ಮಾತಿಗೆ ಹೇಳುತ್ತೇವೆ. ಯಾರೋ ನನ್ನ ತಪ್ಪನ್ನು ನಿಜಕ್ಕೂ ಹೊಟ್ಟೆಗೆ ಹಾಕಿಕೊಂಡದ್ದನ್ನು ನಾನು ನೋಡಿದ್ದು ಅಂದೇ.

ಮಾರನೆಯ ದಿನದಿಂದ ನಾನು ಹುಡುಕಲು ಹೊರಟೆ. ಬಿಡಿಸದ ಕಾಯಿ ಎಲ್ಲಾದರೂ ಉಳಿದಿದೆಯೇ? ಹಸಿಯಾಗಿ ಕಿತ್ತದ್ದು ಮೊಳೆಯುವುದು ಅನುಮಾನ ಎಂದಿದ್ದಳು ಅಕ್ಕ. ಆದರೂ ಚೆನ್ನಾಗಿ ತುಂಬಿದ ಕಾಯಿ ಸಿಪ್ಪೆಯೊಳಗೇ ನಿಧಾನವಾಗಿ ಒಣಗಿದರೆ ಒಂದೆರಡು ಹುಟ್ಟಬಹುದು, ಹೇಳಲಾಗದು ಎಂದೂ ಅಂದಿದ್ದಳು. ಸಂತೆಗೆ ಬರುವವರ ಪೈಕಿ ಗೊತ್ತಿದ್ದವರ ಬಾಗಿಲನ್ನೆಲ್ಲ ತಟ್ಟಿದೆ. ಎಲ್ಲ ಕಡೆಯೂ ಒಂದೇ ಉತ್ತರ, ಅದೂ ನಗುಮುಖದಿಂದ.

"ಅಯ್ಯೋ, ಅವತ್ತೇ ಮುಗೀತು. ಎಂಥ ಬಟಾಣಿ ಅಂತೀರಿ."

"ನಮ್ಮ ಮನೇಲಿ ಬಿಡಿಸ್ತಾ ಬಿಡಿಸ್ತಾನೇ ಖಾಲಿ. ಪಾತ್ರೆಗೆ ಬಿದ್ದಿದ್ರೆ ಕೇಳಿ."

ಒಬ್ಬೊಬ್ಬರೂ ಹೊಗಳಿ ಹೊಗಳಿ ನನ್ನನ್ನು ಅಟ್ಟಕ್ಕೇರಿಸಿದರು. ಪ್ರತಿಯೊಂದು ಹೊಗಳಿಕೆಯೂ ಮುಖಕ್ಕೆ ಹೊಡೆದ ಹಾಗಿತ್ತು. ಮುಂದಿನ ಶನಿವಾರ ಅಕ್ಕನ ಬದಲು ಮೇಜಿಗೆ ಕುಳಿತಾಗಲೂ ಅದೇ ಕಥೆ. "ಹೋದ ವಾರದ್ದು ಇದೆಯಾ?" ಎಂದು ಬಂದವರೆಲ್ಲ ಕೇಳುವುದು, ನಾನು "ಮುಗಿದುಹೋಯ್ತು" ಎನ್ನುವುದು. ಏಳನೇ ವಾರದವರೆಗೂ ಆ ಮಾತನ್ನು ಹೇಳಿದೆ.

ದರ್ಜಿಯ ನೆನಪು ನನಗೆ ಬಂದದ್ದು ಹತ್ತು ಹನ್ನೆರಡು ದಿನದ ಮೇಲೆ, ಅದೂ ಬೇರೆ ಕಾರಣಕ್ಕೆ. ನನ್ನ ಗಂಡನ ಪ್ಯಾಂಟಿನ ಕಾಲು ಗಿಡ್ಡ ಮಾಡಲು ಕೊಟ್ಟು ಒಂದೂವರೆ ತಿಂಗಳಾಗಿತ್ತು. ಆ ದರ್ಜಿಯ ಮರೆವು ಊರಿಗೆಲ್ಲ ಗೊತ್ತು. ಅಳತೆ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಅದನ್ನು ಹುಡುಕುವವನು. ಜಗಳ ಆಡಬೇಕೆಂದೇ ಹೋದೆ. ಅವನು ಮೆಷಿನ್ನಿನ ಹಿಂದೆ, ಹೊಲಿಯಲು ಬಂದ ಬಟ್ಟೆಗಳ ರಾಶಿಯಲ್ಲಿ ಪ್ಯಾಂಟು ಹುಡುಕುತ್ತಿದ್ದಾಗ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಚೀಲ ಕಂಡಿತು. ಅದು ನಾನು ತುಂಬಿ ಕೊಟ್ಟ ಚೀಲ.

"ಅದೇನದು?"

ಅವನು ನೋಡಿದ, ನಾಲಿಗೆ ಕಚ್ಚಿಕೊಂಡ. "ಬೈಬೇಡಿ ಅಮ್ಮ. ಮನೆಗೆ ಒಯ್ಯೋಣ ಅಂತಲೇ ತೂಗುಹಾಕಿದ್ದೆ. ದಿನಾ ಮರೆತುಹೋಗುತ್ತೆ. ಒಣಗಿಹೋಯ್ತೋ ಏನೋ, ಪಾಪ, ಅಷ್ಟು ಪ್ರೀತಿಯಿಂದ ಕೊಟ್ರಿ."

ಚೀಲ ಇಳಿಸಿ ನೋಡಿದೆ. ಕಾಯಿಗಳು ಬೆಳ್ಳಗೆ ಬಣ್ಣ ತಿರುಗಿ, ಸಿಪ್ಪೆ ಸುಕ್ಕಾಗಿ, ಅಲ್ಲಾಡಿಸಿದರೆ ಒಳಗೆ ಸಣ್ಣಗೆ ಸದ್ದಾಗುತ್ತಿತ್ತು. ಅಲ್ಲೊಂದು ಇಲ್ಲೊಂದು ಬೂಷ್ಟು ಹಿಡಿದಿತ್ತು. ಗಾಳಿಯಾಡುವ ಬಟ್ಟೆಯ ಚೀಲವಾದ್ದರಿಂದ ಉಳಿದವು ನೆಟ್ಟಗಿದ್ದವು. ನಾನು ಅವನ ಎರಡೂ ಕೈ ಹಿಡಿದುಕೊಂಡೆ. ಅವನು ಗಾಬರಿಯಾದ. ಗಿರಾಕಿಗಳು ಅವನಿಗೆ ಮರೆವಿಗಾಗಿ ಎಷ್ಟೋ ಮಾತು ಆಡಿದ್ದಾರೆ, ಥ್ಯಾಂಕ್ಸ್ ಹೇಳಿದವಳು ನಾನೊಬ್ಬಳೇ ಇರಬೇಕು. ಪ್ಯಾಂಟನ್ನು ಅಲ್ಲೇ ಬಿಟ್ಟು ಬಂದೆ. ಅದು ಇನ್ನೂ ಅಲ್ಲೇ ಇದೆ.

ಅಷ್ಟು ಹೊತ್ತಿಗೆ ಅಕ್ಕ ಮನೆ ಸೇರಿದ್ದಳು, ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಿದ್ದಳು. ಚೀಲ ಸುರಿದೆ. ಅವಳು ಜರಡಿಯ ಮೇಲೆ ಕಾಯಿ ಹರವಿ, ಪೊಳ್ಳಾದದ್ದನ್ನು ತೆಗೆದು, ಉಳಿದದ್ದನ್ನು ನೆರಳಲ್ಲಿಟ್ಟಳು. ಕೊನೆಗೆ ಗಟ್ಟಿಯಾಗಿ ಉಳಿದದ್ದು ನಲವತ್ತಾರು ಕಾಳು.

"ಇದರಲ್ಲಿ ಬರೀ ಆ ಸಾಲಿಂದೇ ಇದೆಯಾ?" ಎಂದು ಕೇಳಿದಳು.

ನಾನು ತಲೆ ತಗ್ಗಿಸಿದೆ. ಸಂತೆಗೆ ಹೊರಡುವ ಮೊದಲು ಅಂಗಡಿಯ ಬೀಜದ ಕಾಯಿ, ಅತ್ತೆಯ ಬೀಜದ ಕಾಯಿ, ಎಲ್ಲವನ್ನೂ ಒಂದೇ ರಾಶಿಗೆ ಸುರಿದವಳು ನಾನೇ. ನೋಡಲು ಎರಡೂ ಒಂದೇ ಥರ.

"ಬೆಳೆದ ಮೇಲೆ ನೋಡೋಣ" ಎಂದು ಅವಳು ಡಬ್ಬಿಯ ಮುಚ್ಚಳ ಹಾಕಿದಳು.

ಆ ಚಳಿಗಾಲದಷ್ಟು ಉದ್ದದ ಚಳಿಗಾಲವನ್ನು ನಾನು ಕಂಡಿಲ್ಲ. ಉಗ್ರಾಣದ ಮೂಟೆಗಳಿಗೆ ಬಟ್ಟೆ ಕಟ್ಟಿಸುವುದನ್ನು ನಿಲ್ಲಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿದೆ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬಿತ್ತುವ ದಿನ ನಾನೂ ಹೋದೆ. ಪಾರಿವಾಳ ಬರದ ಹಾಗೆ ಮೈದುನ ಬಲೆ ಕಟ್ಟಿದ. ಅತ್ತಿಗೆ ಅವನನ್ನು ಬೀಜದ ಸಾಲಿನ ಹತ್ತಿರ ಬರಲು ಬಿಟ್ಟದ್ದು ಅದೇ ಮೊದಲಂತೆ. ನಲವತ್ತಾರರಲ್ಲಿ ಮೊಳೆತದ್ದು ಹನ್ನೊಂದು. ಆ ಹನ್ನೊಂದನ್ನು ನೋಡಲು ವಾರಕ್ಕೆರಡು ಸಲ ಬಸ್ಸು ಹತ್ತಿ ಹೋಗುತ್ತಿದ್ದೆ. ಸ್ವಂತ ಮೊಮ್ಮಕ್ಕಳನ್ನು ನೋಡಲು ನಾನು ಇಷ್ಟು ಸಲ ಹೋಗಿಲ್ಲ, ಸೊಸೆ ಅದನ್ನು ಹೇಳಿಯೂ ತೋರಿಸಿದಳು.

ಈ ವರ್ಷ ಕಾಯಿ ತುಂಬಿದ ಮೇಲೆ ಒಂದು ಬೆಳಗ್ಗೆ ಅಕ್ಕ ಹೇಳಿಕಳಿಸಿದಳು. ಹೋದೆ. ಅವಳು ಬದುವಿನ ಮೇಲೆ ಸ್ಟೂಲು ಹಾಕಿಕೊಂಡು ಕುಳಿತಿದ್ದಳು, ಮಡಿಲಲ್ಲಿ ಕೆಂಪು ಬಟ್ಟೆಯ ಚೂರುಗಳು.

"ಒಂದೊಂದರಿಂದ ಒಂದು ಕಾಯಿ ಕಿತ್ತು ತಿನ್ನು. ಯಾವುದು ಹೌದು, ಯಾವುದು ಅಲ್ಲ, ಹೇಳು."

"ನಾನಾ? ನೀವು ತಿನ್ನಿ ಅಕ್ಕ."

"ನಿನ್ನೆ ತಿಂದೆ. ಹನ್ನೊಂದೂ ಸಿಹಿಯಾಗಿತ್ತು." ಅವಳು ನಕ್ಕಳು. "ಹನ್ನೊಂದೂ ಹೌದಾಗಿರಲಿ ಅಂತ ನಂಗೆ ಅಷ್ಟು ಆಸೆ ಇದೆ, ನಾಲಿಗೆ ಅದನ್ನೇ ಹೇಳುತ್ತೆ. ನೀನು ಹನ್ನೆರಡು ವರ್ಷ ನನ್ನ ಬಟಾಣಿಗೆ ಹೆಸರಿಟ್ಟವಳು. ನೀನೇ ಹೇಳು."

ಆಸೆ ನನಗಿರಲಿಲ್ಲವೇ? ಅವಳಿಗಿಂತ ಹೆಚ್ಚಾಗಿತ್ತು. ಒಂದೊಂದು ಬಳ್ಳಿ ಹೌದಾದಷ್ಟೂ ನನ್ನ ತಪ್ಪು ಅಷ್ಟಷ್ಟು ಕಡಿಮೆಯಾಗುತ್ತಿತ್ತು. ಮೊದಲನೆಯದನ್ನು ಬಿಡಿಸಿ ಬಾಯಿಗೆ ಹಾಕಿಕೊಂಡೆ. ಚೆನ್ನಾಗಿತ್ತು. ಹೌದು ಎನ್ನಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಇನ್ನೊಂದು ಕಾಳು ತಿಂದೆ.

"ಅಲ್ಲ."

ಎರಡನೆಯದು ಅಲ್ಲ. ಮೂರನೆಯದೂ ಅಲ್ಲ. ನಾಲ್ಕನೆಯ ಬಳ್ಳಿಯ ಕಾಳು ಕಚ್ಚಿದಾಗ ಮೊದಲು ನೀರು ಬಂತು. ಕಾದೆ. ನಿಧಾನವಾಗಿ, ಹಿಂದಿನಿಂದ, ಬಂತು. ಹೌದೆಂದು ತಲೆ ಆಡಿಸಿದೆ. ಅವಳು ಒಂದು ಬಟ್ಟೆಯ ಚೂರು ಚಾಚಿದಳು. ನಾನು ಕಟ್ಟಿದೆ.

"ಸಡಿಲ ಮಾಡು. ಅದು ಮೂಟೆ ಅಲ್ಲ" ಎಂದಳು.

ಏಳನೆಯದಕ್ಕೆ ಒಂದು, ಹನ್ನೊಂದನೆಯದಕ್ಕೆ ಒಂದು. ಒಂಬತ್ತನೆಯದರ ಮುಂದೆ ಬಹಳ ಹೊತ್ತು ನಿಂತೆ. ಹೌದೆಂದರೆ ಹೌದು ಎನ್ನುವಷ್ಟು ಹತ್ತಿರವಿತ್ತು, ಅಕ್ಕನ ಕಣ್ಣು ನನ್ನ ಮೇಲೆಯೇ ಇತ್ತು. ಅಲ್ಲ ಎಂದೆ. ಒಟ್ಟು ಮೂರು ಬಳ್ಳಿ.

ಬಿಡಿಸಿದ ಕಾಯಿಗಳಲ್ಲಿ ಉಳಿದ ಕಾಳುಗಳು ನನ್ನ ಅಂಗೈಯಲ್ಲಿದ್ದವು. ಇನ್ನು ಬೀಜಕ್ಕಾಗದವು. ಬದುವಿನ ಮೇಲೆ ಪಕ್ಕಪಕ್ಕದಲ್ಲಿ ಕುಳಿತು ಇಬ್ಬರೂ ಅವನ್ನು ತಿಂದೆವು, ಒಂದೊಂದೇ.

"ಚೆನ್ನಾಗಿದೆ ಅಕ್ಕ" ಎಂದೆ. ಹದಿಮೂರು ವರ್ಷದಲ್ಲಿ ಮೊದಲ ಸಲ.

"ಗೊತ್ತು ಬಿಡು" ಎಂದಳು. ಇನ್ನೊಂದು ಕಾಳು ತಿಂದು, "ಮುಂದಿನ ವರ್ಷದ್ದೂ ಎಲ್ಲ ಬಿತ್ತನೆಗೇ. ಅದರ ಮುಂದಿನ ವರ್ಷ ಸಂತೆಗೆ ತರಬಹುದು. ನನ್ನ ಕಾಲು ಹೇಗಿರುತ್ತೋ. ಯಾವುದಕ್ಕೆ ಕಟ್ಟಬೇಕು ಅಂತ ಈಗ ನಿಂಗೂ ಗೊತ್ತಾಯ್ತಲ್ಲ" ಎಂದು ಉಳಿದ ಚೂರುಗಳನ್ನು ಸುತ್ತಿ ನನ್ನ ಕೈಚೀಲಕ್ಕೆ ಹಾಕಿದಳು.

ಆ ಶನಿವಾರ ಮೇಜಿನ ಹಿಂದೆ ನಾವಿಬ್ಬರೂ ಕುಳಿತಿದ್ದೆವು. ಅಂಗಡಿಯ ಬೀಜದ ಬಟಾಣಿ, ಬೆಳಕಾಗುವ ಮೊದಲು ಕಿತ್ತದ್ದು, ಕೆಟ್ಟದೇನಲ್ಲ. ಬ್ಯಾಂಕಿನ ಮ್ಯಾನೇಜರು ಬಂದರು, ಕೊಟ್ಟ ಕಾಯಿಯನ್ನು ಶಿಸ್ತಾಗಿ ತಿಂದರು, ರಾಶಿಯನ್ನೂ ನಮ್ಮನ್ನೂ ನೋಡಿದರು.

"ಹೋದ ವರ್ಷ ಒಂದು ಶನಿವಾರ ಕೊಟ್ರಲ್ಲ, ಆ ಬಟಾಣಿ ಇದೆಯಾ?"

ಅಕ್ಕ ತಕ್ಕಡಿಯ ತಟ್ಟೆ ಒರೆಸತೊಡಗಿದಳು. ಉತ್ತರ ನಾನೇ ಹೇಳಬೇಕಿತ್ತು.

"ಇದೆ," ಎಂದೆ. "ತಿನ್ನೋಕೆ ಕೊಡಲ್ಲ."